ಗೋಡೆಯಾಚೆಯವಳು ಬರೆದ ಬಯೋಡೇಟಾ

ನಮ್ಮೂರಿನಲ್ಲಿ ಕೆಲಸಕ್ಕೆ ಅರ್ಜಿ ಹಾಕಬೇಕಾದರೆ ಮೊದಲು ಯಾರ ಜೊತೆಗಾದರೂ ಮಾತು ಬಿಟ್ಟಿರಬೇಕು. ಬಯೋಡೇಟಾ ಬರೆಯುವವರು ಅವರೇ. ತನ್ನ ಬಗ್ಗೆ ತಾನೇ ಬರೆದುಕೊಂಡು ಹೋದವನನ್ನು ಕಚೇರಿಯ ಜವಾನ ಗೇಟಿನಲ್ಲೇ ತಡೆಯುತ್ತಾನೆ. ಸ್ನೇಹಿತರ ಕೈಲಿ ಬರೆಸಿಕೊಂಡು ಹೋದವನನ್ನು ಒಳಗೆ ಕರೆದು, ಕೂರಿಸಿ, ಕಾಫಿ ಕೊಟ್ಟು, ನಕ್ಕು ಕಳಿಸುತ್ತಾರೆ.

ಹಾಗಾಗಿ ನಮ್ಮಲ್ಲಿ ಮುನಿಸಿಗೆ ಒಂದು ಮರ್ಯಾದೆ ಇದೆ. ಶಾಲೆಯ ಮೈದಾನದಲ್ಲಿ ಇಬ್ಬರು ಹುಡುಗರು ಠೂ ಬಿಟ್ಟರೆ ತಾಯಂದಿರು ಮೇಲೆ ಮೇಲೆ ಗದರಿದರೂ ಒಳಗೊಳಗೇ 'ಸದ್ಯ, ಒಬ್ಬನಾದರೂ ಆದ' ಎಂದು ಉಸಿರು ಬಿಡುತ್ತಾರೆ. ಹೆಣ್ಣು ಕೇಳಲು ಬಂದವರು 'ಹುಡುಗ ಡಿಗ್ರಿ ಮಾಡಿದಾನೆ, ಇಬ್ಬರ ಜೊತೆ ಮಾತು ಬಿಟ್ಟಿದಾನೆ, ಅದರಲ್ಲಿ ಒಬ್ಬರು ಮೇಷ್ಟ್ರು' ಎಂದು ಹೇಳಿಕೊಳ್ಳುತ್ತಾರೆ. ಅಂಚೆ ಬೀದಿಯ ಪರಮೇಶಿ ಬೆಣ್ಣೆಯಂಥ ಮನುಷ್ಯ. ಯಾರಾದರೂ ಅವನ ಕಾಲು ತುಳಿದರೆ ಅವನೇ ಕ್ಷಮೆ ಕೇಳುತ್ತಾನೆ. ಅವನಿಗೆ ಇವತ್ತಿಗೂ ಕೆಲಸವಿಲ್ಲ. ಅವನ ತಾಯಿ ಪ್ರತಿ ವಾರ ಅವನನ್ನು ಸಂತೆಗೆ ಕರೆದುಕೊಂಡು ಹೋಗಿ ಸೊಪ್ಪಿನವಳ ಮುಂದೆ ನಿಲ್ಲಿಸಿ 'ಚೌಕಾಸಿ ಮಾಡೋ, ಏನಾದ್ರೂ ಅನ್ನೋ' ಎಂದು ಬೆನ್ನು ತಿವಿಯುತ್ತಾಳೆ. ಅವನು ಸೊಪ್ಪಿನವಳ ಮಗುವಿಗೆ ಜ್ವರ ಹೇಗಿದೆ ಎಂದು ವಿಚಾರಿಸಿ, ಕೇಳಿದಷ್ಟು ಕೊಟ್ಟು ಬರುತ್ತಾನೆ.

ಸುಮ್ಮನೆ ಮುನಿಸಿದ್ದರೂ ಸಾಲದು. ಕೆಟ್ಟ ಮುನಿಸಿನವರು ಎಲ್ಲವನ್ನೂ ಕೆಟ್ಟದ್ದೆಂದೇ ಬರೆದುಬಿಡುತ್ತಾರೆ. ಅಂಥ ಬಯೋಡೇಟಾವನ್ನು ಯಾರೂ ನಂಬುವುದಿಲ್ಲ. ನ್ಯಾಯವಾಗಿ ದ್ವೇಷಿಸುವವರು ಸಿಗುವುದಕ್ಕೆ ಪುಣ್ಯ ಮಾಡಿರಬೇಕು.

ಇದೆಲ್ಲ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅವುಗಳನ್ನು ಟೈಪ್ ಮಾಡುವವಳು ನಾನೇ. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ ಎಂದು ಕೂಗುತ್ತೇನೆ. ಮಧ್ಯಾಹ್ನದ ಮೇಲೆ ತಿಪ್ಪೇಶಿಯ ಟೈಪಿಂಗ್ ಅಂಗಡಿ. ಬೆಳಿಗ್ಗೆ ಬಾಯಿ, ಸಂಜೆ ಬೆರಳು. ಎರಡೂ ದಿನಗೂಲಿ. ನನ್ನ ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಮನೆ ಕಾಣುತ್ತಾನೆ. ನಾನು ಅಂಗಡಿ ಮುಗಿಸಿ ಮನೆಗೆ ಬರುವ ಹೊತ್ತಿಗೆ ಮಗಳು ಇಂಚರಾ ತಾನೇ ಅನ್ನ ಮಾಡಿ ಉಂಡು, ಪುಸ್ತಕ ಎದೆಯ ಮೇಲೆ ಕವುಚಿಕೊಂಡು ಮಲಗಿರುತ್ತಾಳೆ. ನನ್ನ ಮಗಳ ಮುಖ ನನಗೆ ಹೆಚ್ಚಾಗಿ ಗೊತ್ತಿರುವುದು ಕಣ್ಣು ಮುಚ್ಚಿದಂತೆ.

ಹೀಗಿರುವಾಗ ನೀರಿನ ಕಚೇರಿಯಲ್ಲಿ ಸಂಪರ್ಕಾಧಿಕಾರಿ ಹುದ್ದೆ ಖಾಲಿಯಾಯಿತು. ನಮ್ಮೂರಿನಲ್ಲಿ ನೀರು ಒಂದೊಂದು ಬೀದಿಗೆ ಒಂದೊಂದು ಹೊತ್ತಿಗೆ ಬರುತ್ತದೆ. ಅದನ್ನು ಜನರಿಗೆ ತಿಳಿಸುವುದು, ಫೋನಿನಲ್ಲಿ ಬೈಸಿಕೊಳ್ಳುವುದು, ಬೈದವರನ್ನು ಸಮಾಧಾನ ಮಾಡುವುದು, ಮೈಕು ಕಟ್ಟಿದ ಆಟೋದಲ್ಲಿ ಊರು ಸುತ್ತುವುದು, ಇವು ಅಲ್ಲಿನ ಕೆಲಸ. ಹಿಂದಿದ್ದವರು 'ತಾಂತ್ರಿಕ ಕಾರಣಗಳಿಂದ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗುವ ಸಂಭವವಿದ್ದು ಸಾರ್ವಜನಿಕರು ಸಹಕರಿಸಬೇಕು' ಎಂದು ಬೋರ್ಡು ಹಾಕುತ್ತಿದ್ದರು. ಸಾರ್ವಜನಿಕರು ಸಹಕರಿಸಲು ಸಿದ್ಧರೇ ಇದ್ದರು. ಬಿಂದಿಗೆ ಯಾವತ್ತು ತುಂಬಿಡಬೇಕು ಅನ್ನುವುದೊಂದು ಗೊತ್ತಾಗುತ್ತಿರಲಿಲ್ಲ.

"ಈ ಕೆಲಸ ನಿನ್ನ ಬಾಯಿಗೇ ಹೊಲಿದಂಗಿದೆ ಕಣಕ್ಕ" ಎಂದ ತಿಪ್ಪೇಶಿ. "ಕಾಯಂ ಕೆಲಸ. ಸಂಜೆ ಐದಕ್ಕೆ ಮನೆ. ಯಾರ ಕೈಲಿ ಬರೆಸ್ತೀಯ?"

ಅದೇ ತೊಡಕು. ನಾನು ಯಾರ ಜೊತೆ ಮಾತು ಬಿಟ್ಟಿದ್ದೇನೆ ಎಂದು ಯೋಚಿಸಿದೆ. ಎರಡು ಕೆಲಸ ಮಾಡುವವಳಿಗೆ ಜಗಳಕ್ಕೆ ಪುರುಸೊತ್ತಾದರೂ ಎಲ್ಲಿ? ನೆನಪಾದದ್ದು ಒಬ್ಬಳೇ.

"ಪಕ್ಕದ ಮನೆ ಸರ್ವಮಂಗಳಾ" ಎಂದೆ.

ತಿಪ್ಪೇಶಿ ಪೇಪರಿನ ಕಟ್ಟು ಕೆಳಗಿಟ್ಟ. "ಅಯ್ಯೋ. ಅವಳು ಬರೆದ್ರೆ ನಿನಗೆ ಕೆಲಸ ಅಲ್ಲ, ಊರು ಬಿಡೋ ನೋಟೀಸು ಬರುತ್ತೆ."

ಸರ್ವಮಂಗಳಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ, ಅದೂ ಹೆಸರಿಗೆ ಗೋಡೆ. ಅವಳ ಮಿಷನ್ನಿನ ಕಟಕಟ ನನಗೆ ಕೇಳುತ್ತದೆ, ನಮ್ಮ ಮನೆಯ ಕೆಮ್ಮು ಅವಳಿಗೆ ಕೇಳುತ್ತದೆ. ಒಂದು ಕಾಲಕ್ಕೆ ಸಾರು, ಹುಳಿ, ಮಗು, ಎಲ್ಲ ಆ ಮನೆಯಿಂದ ಈ ಮನೆಗೆ ಓಡಾಡಿಕೊಂಡಿದ್ದವು. ಏಳು ವರ್ಷದ ಕೆಳಗೆ ನಮ್ಮ ಮನೆಗೆ ನೆಂಟರು ಬಂದಾಗ ಅವಳ ದೊಡ್ಡ ಕುಕ್ಕರನ್ನು ಎರವಲು ತಂದಿದ್ದೆ. ತೊಳೆದು, ಒರೆಸಿ, ಹಿಂದಕ್ಕೆ ಕೊಟ್ಟೆ. ಅರ್ಧ ಗಂಟೆ ಬಿಟ್ಟು ಬಾಗಿಲಲ್ಲಿ ನಿಂತಳು.

"ಸೀಟಿ ಎಲ್ಲೇ?"

"ಒಳಗೇ ಇಟ್ಟಿದ್ನಲ್ಲ ಕಣೇ."

"ಇಲ್ಲ."

"ಇಟ್ಟಿದೀನಿ. ನಿನ್ನ ಮನೇಲೇ ಎಲ್ಲೋ ಬಿದ್ದಿದೆ ನೋಡು."

"ಅಂದ್ರೆ ನಾನು ಸುಳ್ಳು ಹೇಳ್ತಿದೀನಿ ಅಂತ?"

ಅಂಥ ಪ್ರಶ್ನೆಗೆ ಇಲ್ಲ ಎನ್ನಬೇಕು. ನೆಂಟರನ್ನು ಬಸ್ಸು ಹತ್ತಿಸಿ ಬಂದ ಸುಸ್ತಿನಲ್ಲಿ ನಾನು "ಹಾಗೇ ಅಂದ್ಕೋ" ಎಂದೆ. ಅವಳು ಅಂದುಕೊಂಡಳು. ಅವತ್ತಿನಿಂದ ನಾವು ನಲ್ಲಿಯ ಹತ್ತಿರ ಎದುರಾದರೆ ಇಬ್ಬರೂ ಆಕಾಶ ನೋಡುತ್ತೇವೆ. ಅವಳು ಬೇರೆ ಕುಕ್ಕರ್ ಕೊಂಡಳು. ಸೀಟಿಯಿಲ್ಲದ ಹಳೆಯದನ್ನು ಅಟ್ಟಕ್ಕೆ ಹಾಕಿದಳು. ಪಾತ್ರೆ ಅಂಗಡಿಯಲ್ಲಿ ಬರೀ ಸೀಟಿ ಸಿಗುತ್ತದೆ, ಕಾಫಿಗಿಂತ ಸ್ವಲ್ಪ ಹೆಚ್ಚಿನ ಬೆಲೆಗೆ. ಅವಳೂ ತರಲಿಲ್ಲ, ನಾನೂ ತಂದುಕೊಡಲಿಲ್ಲ. ತಂದರೆ ಸೋತ ಹಾಗೆ.

ಮಾತು ಬಿಟ್ಟವರನ್ನು ಮಾತಾಡದೆ ಕೇಳುವ ಕ್ರಮ ಒಂದಿದೆ. ಖಾಲಿ ತಂಬಿಗೆಯನ್ನು ಅವರ ಹೊಸಿಲ ಮೇಲೆ ಇಟ್ಟು ಬರಬೇಕು. ಒಪ್ಪಿದರೆ ನೀರು ತುಂಬಿಸಿ ಇಡುತ್ತಾರೆ. ಒಪ್ಪದಿದ್ದರೆ ಮಗುಚಿ ಹಾಕುತ್ತಾರೆ. ನಾನು ಬಸ್ ನಿಲ್ದಾಣಕ್ಕೆ ಹೊರಡುವಾಗ ತಂಬಿಗೆ ಇಟ್ಟು, ಆಕಾಶ ನೋಡಿಕೊಂಡು ನಡೆದೆ. ಆ ದಿನ ಮೈಕಿನಲ್ಲಿ ಎರಡು ಬಸ್ಸುಗಳನ್ನು ಅದಲುಬದಲು ಕೂಗಿ, ಮದುವೆಗೆ ಹೊರಟಿದ್ದ ಒಂದು ಕುಟುಂಬವನ್ನು ಕಲ್ಲು ಕ್ವಾರಿಗೆ ಕಳಿಸಿದೆ.

ಮರುದಿನ ನೋಡಿದರೆ ತಂಬಿಗೆ ನಮ್ಮ ಹೊಸಿಲ ಮೇಲಿತ್ತು. ಅರ್ಧ ತುಂಬಿತ್ತು.

ಅರ್ಧಕ್ಕೆ ಏನು ಅರ್ಥ ಎಂದು ಯಾರಿಗೂ ಗೊತ್ತಿರಲಿಲ್ಲ. ಅಂಗಡಿಗೆ ಬಂದ ಗಿರಾಕಿಗಳೆಲ್ಲ ತಮ್ಮ ಕೆಲಸ ಬಿಟ್ಟು ಇದನ್ನೇ ಚರ್ಚಿಸಿದರು. ಒಬ್ಬರು ರಾತ್ರಿ ಬೆಕ್ಕು ಕುಡಿದಿರಬೇಕು ಎಂದರು. ಕೊನೆಗೆ ತಿಪ್ಪೇಶಿ ತೀರ್ಪು ಕೊಟ್ಟ. "ಬರೀತಾಳೆ. ಆದ್ರೆ ಸಂತೋಷವಾಗಿ ಬರಿಯಲ್ಲ. ಅಷ್ಟೇ."

ನನ್ನ ಭಯ ಅದಲ್ಲ. ಇಷ್ಟು ವರ್ಷ ಟೈಪ್ ಮಾಡಿ ಒಂದು ವಿಷಯ ಕಲಿತಿದ್ದೆ. 'ಸಂವಹನ ಕೌಶಲ ಉತ್ತಮವಾಗಿದೆ', 'ಶ್ರಮಜೀವಿ', 'ಎಲ್ಲರೊಂದಿಗೆ ಬೆರೆಯುತ್ತಾರೆ' ಎಂದು ಬರೆದ ಹಾಳೆಗಳು ಬಂದ ದಾರಿಗೇ ವಾಪಸು ಬರುತ್ತವೆ. ಮುನಿಸಿನವರು ಬೇಸರಕ್ಕೆ ಅಂಥ ಸಾಲುಗಳನ್ನು ಗೀಚಿಬಿಟ್ಟರೆ ಮುಗಿಯಿತು. ಬೈದು ಬರೆದರೂ ಚಿಂತೆಯಿಲ್ಲ, ಕಂಡದ್ದನ್ನು ಬರೆಯಬೇಕು. ಸರ್ವಮಂಗಳಾ ಏಳು ವರ್ಷದಿಂದ ನನ್ನನ್ನು ನೋಡಿಯೇ ಇಲ್ಲವಲ್ಲ, ಆಕಾಶ ನೋಡಿದ್ದಾಳೆ. ಏನು ಬರೆದಾಳು?

ವಾರ ಕಳೆದ ಮೇಲೆ ಬಾಗಿಲ ಸಂದಿಯಲ್ಲಿ ಹಾಳೆ ಬಂತು. ಬ್ಲೌಸಿನ ಅಳತೆ ಬರೆಯುವ ಪೆನ್ಸಿಲಿನಲ್ಲಿ ಬರೆದಿದ್ದಳು. ಅಂದು ಭಾನುವಾರ, ಇಂಚರಾ ಎದ್ದಿದ್ದಳು. "ನಾನು ಓದ್ತೀನಿ, ನೀನು ಕೂತ್ಕೋ" ಎಂದು ಕಿತ್ತುಕೊಂಡಳು.

"'ಇವಳ ಹೆಸರು ವನಮಾಲಾ. ಒಳ್ಳೆಯವಳು ಅಂತ ನಾನು ಬರೆಯುವುದಿಲ್ಲ. ಕಂಡದ್ದು, ಕೇಳಿದ್ದು ಬರೆಯುತ್ತೇನೆ. ಹಿಂದಿನ ವರ್ಷ ಮಳೆಗೆ ಸೇತುವೆ ಮುಳುಗಿ ಬಸ್ಸೆಲ್ಲ ನಿಂತವು. ಮೈಕಿನಲ್ಲಿ ಬೇರೆ ಯಾರೇ ಆಗಿದ್ದರೂ ಬಸ್ಸು ರದ್ದು ಅಂತ ಹೇಳಿ ಸುಮ್ಮನಾಗುತ್ತಿದ್ದರು. ಇವಳು ಯಾವ ಊರಿನವರು ಯಾವ ಕಂಬದ ಹತ್ತಿರ ನಿಲ್ಲಬೇಕು, ಯಾವ ಲಾರಿ ಯಾವ ದಾರಿಯಲ್ಲಿ ಹೋಗುತ್ತದೆ, ಬಾಣಂತಿಯರಿಗೆ ಕ್ಯಾಂಟೀನಿನಲ್ಲಿ ಜಾಗ ಎಲ್ಲಿದೆ, ಎಲ್ಲ ಹೇಳಿದಳು. ಗಂಟಲು ಕಟ್ಟುವ ತನಕ ಹೇಳಿದಳು. ಅವತ್ತು ಆ ಗುಂಪಿನಲ್ಲಿ ನಾನೂ ಇದ್ದೆ. ಇವಳು ಹೇಳಿದ ಕಂಬದ ಹತ್ತಿರ ನಿಂತೇ ಮನೆ ಸೇರಿದೆ. ಅದಕ್ಕೆ ಉಪಕಾರ ಹೇಳಿಲ್ಲ, ಹೇಳುವುದೂ ಇಲ್ಲ.'"

ಇಂಚರಾ ಮುಂದಿನ ಸಾಲಿಗೆ ಬೆರಳಿಟ್ಟಳು.

"'ಭಾಷೆ ಮೂರು ಬರುತ್ತವೆ. ಬೈಯುವುದು ಒಂದರಲ್ಲಿ ಮಾತ್ರ. ಬಾಡಿಗೆಗೆಂದು ಮನೆ ಮಾಲೀಕ ಫೋನ್ ಮಾಡಿ ಕೂಗಾಡಿದರೆ ಇವಳು ಮೊದಲು ಪೂರ್ತಿ ಕೇಳುತ್ತಾಳೆ, ಆಮೇಲೆ ಅವನು ಹೇಳಿದ್ದನ್ನೇ ಅವನಿಗೆ ನಿಧಾನವಾಗಿ ತಿರುಗಿ ಹೇಳುತ್ತಾಳೆ. ಅವನಿಗೇ ನಾಚಿಕೆಯಾಗಿ ಇಡುತ್ತಾನೆ. ಭಾನುವಾರ ಮಗಳಿಗೆ ಲೆಕ್ಕ ಹೇಳಿಕೊಡುವುದನ್ನು ಗೋಡೆಯೀಚೆಯಿಂದ ಕೇಳಿ ನನಗೂ ಭಿನ್ನರಾಶಿ ಬಂತು. ಅಳತೆ ತಪ್ಪುತ್ತಿದ್ದದ್ದು ನಿಂತಿತು. ಬರೆದರೆ ಅಕ್ಷರ ದುಂಡಗಿದೆ. ನೀರು ಯಾವಾಗ ಬರುತ್ತದೆ ಅಂತ ಇವಳು ಹೇಳಿದರೆ ಊರಿಗೆ ಅರ್ಥವಾಗುತ್ತದೆ.'" ಇಂಚರಾ ಹಾಳೆ ತಿರುಗಿಸಿದಳು. "'ದೌರ್ಬಲ್ಯ...'"

ಅಲ್ಲಿಗೆ ಅವಳ ದನಿ ನಿಂತಿತು.

"ಓದೇ."

"'ದೌರ್ಬಲ್ಯ: ಎರವಲು ತಂದದ್ದನ್ನು ಪೂರ್ತಿ ವಾಪಸು ಕೊಡುವುದಿಲ್ಲ. ಕೇಳಿದರೆ ಕೇಳಿದವರನ್ನೇ ಸುಳ್ಳಿ ಅನ್ನುತ್ತಾಳೆ.'"

ಅಲ್ಲಿಯವರೆಗೆ ಕಣ್ಣಂಚಿಗೆ ಬಂದಿದ್ದ ನೀರು ಅಲ್ಲೇ ಇಂಗಿತು. "ನೋಡ್ದಾ? ಇಷ್ಟೆಲ್ಲ ಬರೆದು ಕೊನೆಗೆ ಸೀಟಿ ಹತ್ರಾನೇ ಬಂದ್ಲು! ಕುಕ್ಕರ್ ಒಳಗೇ ಇಟ್ಟಿದ್ದೆ ಕಣೇ, ಈ ಕೈಯಲ್ಲಿ ಇಟ್ಟಿದ್ದೆ. ಇದನ್ನ ನಾನೇ ಟೈಪ್ ಮಾಡ್ಬೇಕು, ಒಂದಕ್ಷರ ಬದಲಾಯಿಸೋ ಹಾಗಿಲ್ಲ."

ಇಂಚರಾ ಎದ್ದುಹೋಗಿ ಮಂಚದ ಕೆಳಗಿನಿಂದ ತನ್ನ ಹಳೆಯ ಗೋಲಿ ಡಬ್ಬ ಎಳೆದಳು. ಗೋಲಿ, ಬಣ್ಣದ ಗುಂಡಿ, ಮುರಿದ ಬಳೆಚೂರುಗಳ ನಡುವಿನಿಂದ ಒಂದು ಕಪ್ಪಗಾದ ಸಾಮಾನು ತೆಗೆದು ನನ್ನ ಮುಂದೆ ಇಟ್ಟಳು. ಕುಕ್ಕರಿನ ಸೀಟಿ.

"ಚೆನ್ನಾಗಿ ತಿರುಗ್ತಿತ್ತಮ್ಮ" ಎಂದಳು, ತಲೆ ತಗ್ಗಿಸಿ. "ಬುಗುರಿ ಥರ. ನೀನು ಕುಕ್ಕರ್ ಒರೆಸಿಟ್ಟು ಸೀರೆ ಬದಲಾಯಿಸೋಕೆ ಹೋಗಿದ್ದೆ. ಆಡಿ ಇಟ್ಬಿಡೋಣ ಅಂತ ತಗೊಂಡೆ. ಅಷ್ಟರಲ್ಲಿ ನೀವಿಬ್ರೂ ಬಾಗಿಲಲ್ಲಿ ಕೂಗಾಡೋಕೆ ಶುರು ಮಾಡಿದ್ರಿ. ಭಯ ಆಯ್ತು. ಆಮೇಲೆ ಹೇಳೋಕೆ ಹೊತ್ತೇ ಸಿಗ್ಲಿಲ್ಲ."

ಏಳು ವರ್ಷದಲ್ಲಿ ಹೊತ್ತು ಸಿಗಲಿಲ್ಲವೇ ಎಂದು ಬೈಯಬೇಕೆಂದು ಬಾಯಿ ತೆರೆದೆ. ನಾನು ಬರುವ ಹೊತ್ತಿಗೆ ಅವಳು ಮಲಗಿರುತ್ತಿದ್ದಳಲ್ಲ, ಬಾಯಿ ಮುಚ್ಚಿದೆ.

ಸೀಟಿ ಹಿಡಿದುಕೊಂಡು ಬಾಗಿಲಿಗೆ ಹೋದೆ. ಪಕ್ಕದ ಮನೆಯ ಚಿಲಕಕ್ಕೆ ಕೈ ಚಾಚುವಷ್ಟರಲ್ಲಿ ಇಂಚರಾ ಸೆರಗು ಹಿಡಿದು ಎಳೆದಳು. "ಅಮ್ಮ, ಈಗ ಮಾತಾಡಿದ್ರೆ ರಾಜಿ ಅಂತಾರೆ. ಬಯೋಡೇಟಾ ರದ್ದಾಗುತ್ತೆ. ಕೆಲಸಕ್ಕೆ ಸೇರಿ ಒಂದು ವರ್ಷ ಕಳೆದು ಕಾಯಂ ಆಗೋವರೆಗೂ ಮಾತಾಡೋ ಹಾಗಿಲ್ಲ." ಗೋಡೆಯಾಚೆ ಮಿಷನ್ನಿನ ಕಟಕಟ ನಿಂತಿತ್ತು. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತು. ಎಷ್ಟು ಕೇಳಿಸಿತೋ ಗೊತ್ತಿಲ್ಲ. ನಾನು ಒಳಗೆ ಬಂದೆ.

ಸಂದರ್ಶನದ ದಿನ ನೀರಿನ ಕಚೇರಿಗೆ ಇಬ್ಬರೂ ಹೋಗಬೇಕು, ಅರ್ಜಿ ಹಾಕಿದವರೂ ಬರೆದವರೂ. ಒಂದೇ ಬೀದಿಯಲ್ಲಿ, ಅವಳು ಆ ಬದಿ, ನಾನು ಈ ಬದಿ, ಇಬ್ಬರೂ ಆಕಾಶ ನೋಡಿಕೊಂಡು ನಡೆದೆವು. ಅಡ್ಡಬಂದ ಎಮ್ಮೆಗೆ ಇಬ್ಬರೂ ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು.

ಒಳಗೆ ಮುನಿಸು ತಪಾಸಣೆಯ ಅಚ್ಯುತಯ್ಯ ಕೂತಿದ್ದರು. ನಕಲಿ ಮುನಿಸನ್ನು ವಾಸನೆಯಲ್ಲೇ ಹಿಡಿಯುವ ಮನುಷ್ಯ. ಅವರಿಗೆ ಆ ಕೆಲಸ ಸಿಕ್ಕಿದ್ದು ಅವರ ಹೆಂಡತಿ ಮಾತು ಬಿಟ್ಟು ಬರೆದುಕೊಟ್ಟ ಬಯೋಡೇಟಾದಿಂದ. ಕೆಲಸ ಕಾಯಂ ಆದರೂ ಆಕೆ ಮಾತು ಶುರು ಮಾಡಲಿಲ್ಲವಂತೆ. ನಮ್ಮಿಬ್ಬರ ನಡುವೆ ಮೇಜಿನ ಮೇಲೆ ಒಂದು ತಟ್ಟೆ ಕೋಡುಬಳೆ ಇಟ್ಟಿದ್ದರು. ಅದು ಅವರ ಹಳೆಯ ಉಪಾಯ. ಒಳಗೊಳಗೆ ರಾಜಿಯಾದವರು ಅಭ್ಯಾಸಬಲದಿಂದ ತಟ್ಟೆಯನ್ನು ಇನ್ನೊಬ್ಬರ ಕಡೆಗೆ ಸರಿಸಿಬಿಡುತ್ತಾರೆ.

ಅವರು ಬಯೋಡೇಟಾ ಓದಿದರು. ಸೇತುವೆಯ ಭಾಗ ಬಂದಾಗ ಕನ್ನಡಕ ಸರಿಮಾಡಿಕೊಂಡರು. ಮನೆ ಮಾಲೀಕನ ಭಾಗಕ್ಕೆ ಮೀಸೆಯಡಿ ನಕ್ಕರು. "ಬಹಳ ಗಟ್ಟಿಯಾದ ಬಯೋಡೇಟಾ" ಎಂದರು. "ಇಷ್ಟು ಗಟ್ಟಿಯಾಗಿದ್ರೆ ನಮಗೆ ಅನುಮಾನ ಬರುತ್ತೆ. ಮುನಿಸಿನ ಕಾರಣ ಈ ದೌರ್ಬಲ್ಯದ ಸಾಲಿನಲ್ಲಿ ಇದೆ ಅಂತ ಕಾಣುತ್ತೆ. ವನಮಾಲಾ ಅವರೇ, ಇದಕ್ಕೆ ನೀವೇನು ಹೇಳ್ತೀರಿ?"

ಹೇಳಬೇಕಾದದ್ದು ಒಂದೇ ಮಾತು: ಸುಳ್ಳು. ಅಷ್ಟು ಹೇಳಿದರೆ ಮುನಿಸು ಗಟ್ಟಿ, ಕೆಲಸ ಗಟ್ಟಿ, ಸಂಜೆ ಐದಕ್ಕೆ ಮನೆ. ಪಕ್ಕದ ಕುರ್ಚಿಯಲ್ಲಿ ಸರ್ವಮಂಗಳಾ ಕಿಟಕಿಯಾಚೆ ಆಕಾಶ ನೋಡುತ್ತಿದ್ದಳು. ಅವಳ ಬೆರಳ ತುದಿಗೆ ಸೂಜಿ ಚುಚ್ಚಿದ ಗುರುತುಗಳಿದ್ದವು. ಆ ಬೆರಳಲ್ಲೇ ಅವಳು 'ಇವಳು ಹೇಳಿದ ಕಂಬದ ಹತ್ತಿರ ನಿಂತೇ ಮನೆ ಸೇರಿದೆ' ಎಂದು ಬರೆದದ್ದು. ಮೈಕಿನ ಮುಂದೆ ಕೂತಷ್ಟು ವರ್ಷವೂ ನಾನು ಒಂದು ಬಸ್ಸನ್ನೂ ಬೇಕೆಂದೇ ಸುಳ್ಳು ಕೂಗಿದವಳಲ್ಲ.

ಚೀಲದಿಂದ ಸೀಟಿ ತೆಗೆದು ಅಚ್ಯುತಯ್ಯನವರ ಮುಂದೆ ಇಟ್ಟೆ. ಅವರ ಮುಖವನ್ನೇ ನೋಡಿಕೊಂಡು, ಅವರಿಗೇ ಹೇಳಿದೆ. "ಈಕೆ ಬರೆದದ್ದು ನಿಜ ಸಾರ್. ನಾನು ವಾಪಸು ಕೊಟ್ಟಿರಲಿಲ್ಲ. ನಮ್ಮನೇಲೇ ಇತ್ತು. ಮೊನ್ನೆ ಗೊತ್ತಾಯ್ತು."

ಅಚ್ಯುತಯ್ಯ ಸೀಟಿಯನ್ನು ಎತ್ತಿ, ಒಳಗೆ ಇಣುಕಿ, ಕೆಳಗಿಟ್ಟರು. ನಿಜವಾಗಿಯೂ ಬೇಸರಪಟ್ಟುಕೊಂಡವರ ಹಾಗೆ ಪೆನ್ನಿನ ಮುಚ್ಚಳ ಹಾಕಿದರು. "ಛೆ. ಇನ್ನೊಂದು ವಾರ ಬಿಟ್ಟು ಗೊತ್ತಾಗಬಾರದಿತ್ತೇನಮ್ಮ? ತಪ್ಪು ಒಪ್ಪಿದ ಮೇಲೆ ಕಾರಣ ಹೋಯ್ತು. ಕಾರಣ ಹೋದ ಮೇಲೆ ಮುನಿಸೆಲ್ಲಿ ಉಳೀತು? ಬಯೋಡೇಟಾ ನಡೆಯಲ್ಲ."

ನಾನು ಎದ್ದು ನಿಂತೆ. ಆಗ ಪಕ್ಕದ ಕುರ್ಚಿ ಕಿರ್ ಎಂದಿತು.

"ಯಾರ್ ಸ್ವಾಮಿ ಹೇಳಿದ್ದು ಮುನಿಸು ಹೋಯ್ತು ಅಂತ?" ಸರ್ವಮಂಗಳಾ ನನ್ನ ಕಡೆ ತಿರುಗಲಿಲ್ಲ, ಅಚ್ಯುತಯ್ಯನವರ ಮೇಲೇ ಏರಿಹೋದಳು. "ಏಳು ವರ್ಷ ನನ್ನ ಸುಳ್ಳಿ ಅಂದ್ಕೊಂಡು ಓಡಾಡಿದಾಳೆ ಇವಳು. ಇಷ್ಟು ದಿನ ನನಗೂ ಒಂದು ಅನುಮಾನ ಇತ್ತು, ನಮ್ಮನೇಲೇ ಎಲ್ಲಾದ್ರೂ ಬಿದ್ದಿರಬಹುದೇನೋ ಅಂತ. ಅಟ್ಟ ಎಷ್ಟು ಸಲ ಹುಡುಕಿದೀನಿ ಗೊತ್ತಾ? ಇವತ್ತು ಆ ಅನುಮಾನಾನೂ ಹೋಯ್ತು. ಈಗ ನನ್ನ ಮುನಿಸು ಮೊದಲಿಗಿಂತ ಎರಡರಷ್ಟಾಗಿದೆ. ಬರ್ಕೊಳ್ಳಿ."

"ಆದರೆ ಅವರು ತಪ್ಪು ಒಪ್ಪಿಕೊಂಡ್ರಲ್ಲಮ್ಮ."

"ನಿಮ್ಮ ಹತ್ರ ಒಪ್ಪಿಕೊಂಡ್ಲು. ನನ್ನ ಹತ್ರ ಒಪ್ಪಿಕೊಂಡ್ಲಾ? ಒಂದು ಮಾತು ಆಡಿದ್ಲಾ?"

ಅಚ್ಯುತಯ್ಯ ಯೋಚಿಸಿದರು. ಆಡಿರಲಿಲ್ಲ.

"ಆಡೋ ಹಾಗೂ ಇಲ್ಲ" ಎಂದಳು ಸರ್ವಮಂಗಳಾ. "ಇವಳ ಕೆಲಸ ಕಾಯಂ ಆಗೋ ತನಕ ನಾನು ಇವಳ ಮುಖ ನೋಡಲ್ಲ. ಆಣೆ." ಹಾಗೆನ್ನುತ್ತಲೇ ಕೋಡುಬಳೆ ತಟ್ಟೆಯನ್ನು ಮೇಜಿನ ಮೇಲೆ ಕರಕರ ಎಳೆದು ಪೂರ್ತಿ ತನ್ನ ಕಡೆಗಿಟ್ಟುಕೊಂಡು, ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಇನ್ನೊಂದು ಕೈಯಲ್ಲಿ ಸೀಟಿಯನ್ನೂ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

ಅಚ್ಯುತಯ್ಯ ತಟ್ಟೆಯನ್ನು ನೋಡಿದರು, ಅವಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, 'ಮುನಿಸು ಅಸಲಿ' ಎಂದು ಬರೆದು ಸಹಿ ಹಾಕಿದರು. ಅವರ ಮೀಸೆಯಡಿಯಲ್ಲಿ ಏನಾಯಿತೆಂದು ನನಗೆ ಕಾಣಲಿಲ್ಲ. ನಾನು ಆಕಾಶ ನೋಡುತ್ತಿದ್ದೆ, ಕಣ್ಣು ಉಕ್ಕದಿರಲೆಂದು.

ಕೆಲಸಕ್ಕೆ ಸೇರಿದ ಮೊದಲ ದಿನ ಹಳೆಯ ಬೋರ್ಡು ಅಳಿಸಿ ಹೊಸದು ಬರೆದೆ. ಆಟೋದಲ್ಲಿ ಕೂತು ಬೀದಿ ಬೀದಿಗೂ ಹೇಳಿಕೊಂಡು ಬಂದೆ. ನಮ್ಮ ಬೀದಿಗೆ ಬಂದಾಗ ಮೈಕು ಸ್ವಲ್ಪ ಹತ್ತಿರ ಹಿಡಿದೆ. "ಈ ಸಾಲಿನ ಮನೆಯವರು ಕೇಳಿ. ನಿಮಗೆ ನೀರು ಇವತ್ತು ಸಂಜೆ ಆರಕ್ಕೆ ಬರುತ್ತೆ. ಪೂರ್ತಿ ತುಂಬಿಸ್ಕೊಳ್ಳಿ, ಅರ್ಧ ಬೇಡ." ಕಿಟಕಿಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಡ್ರೈವರ್ "ಅರ್ಧ ಬೇಡ ಅಂದ್ರೇನು ಮೇಡಂ?" ಎಂದು ಕೇಳಿದ. "ಇಲಾಖೆ ಸೂಚನೆ. ನೀನು ಓಡಿಸಪ್ಪ" ಎಂದೆ.

ಐದಕ್ಕೆ ಮನೆಗೆ ಬಂದೆ. ಇಂಚರಾ ಕಣ್ಣು ಬಿಟ್ಟುಕೊಂಡು ಎದುರಿಗೆ ಕೂತಿದ್ದಳು. ಇಬ್ಬರೂ ಸೇರಿ ಅನ್ನ ಮಾಡಿದೆವು. ಅವಳು ಶಾಲೆಯ ಸುದ್ದಿ ಹೇಳುತ್ತಾ, ತಾನು ಇವತ್ತು ಒಬ್ಬಳ ಜೊತೆ ಠೂ ಬಿಟ್ಟೆ, ಆದರೆ ಊಟದ ಬಿಡುವಿನಲ್ಲಿ ಮರೆತು ಮಾತಾಡಿಬಿಟ್ಟೆ ಎಂದು ಪೇಚಾಡಿದಳು. ಆರಕ್ಕೆ ನಲ್ಲಿಯಲ್ಲಿ ನೀರು ಬಂತು. ಎರಡೂ ಮನೆಯ ಕೊಡಗಳು ತುಂಬುವ ಸದ್ದು ಕೇಳಿಸಿತು.

ಕತ್ತಲಾಗುವ ಹೊತ್ತಿಗೆ ಗೋಡೆಯಾಚೆ ಅಟ್ಟದಿಂದ ಏನೋ ಭಾರವಾದದ್ದನ್ನು ಇಳಿಸಿದ ಸದ್ದಾಯಿತು. ತಿಕ್ಕಿದ ಸದ್ದು, ತೊಳೆದ ಸದ್ದು. ಒಲೆ ಹೊತ್ತಿತು. ಸ್ವಲ್ಪ ಹೊತ್ತಿನ ಮೇಲೆ, ಮೊದಲು ಗಂಟಲು ಸರಿಮಾಡಿಕೊಂಡಂತೆ ಗುಯ್ಯೆಂದು, ಆಮೇಲೆ ಗೋಡೆ ಅದುರುವಂತೆ, ಆ ಹಳೆಯ ದೊಡ್ಡ ಕುಕ್ಕರ್ ಕೂಗಿತು.

ಇಂಚರಾ ನನ್ನ ಮುಖ ನೋಡಿದಳು. "ಅಮ್ಮ..."

"ಶ್. ಮಾತಾಡೋ ಹಾಗಿಲ್ಲ" ಎಂದೆ.

ನಮ್ಮ ಮನೆಯಲ್ಲಿ ಅನ್ನ ಆಗಲೇ ಆಗಿತ್ತು, ಸಾರೂ ಆಗಿತ್ತು. ಆದರೂ ಎದ್ದು, ನಮ್ಮ ಕುಕ್ಕರ್ ತೊಳೆದು, ಬರೀ ನೀರು ಹಾಕಿ ಮುಚ್ಚಿ, ಸೀಟಿ ಇಟ್ಟು ಒಲೆ ಹಚ್ಚಿದೆ.